ಕಟ್ಟೆಯಿಂದ ಕಟ್ಟೆಗೆ, ಮೇಡ್ಲೇರಿಯವರೆಗೆ

ನಮ್ಮ ಭಾನುವಾರದ ಸೈಕಲ್ ಗುಂಪು ಹುಟ್ಟಿದ್ದು ನನ್ನ ಸಿಟ್ಟಿನಿಂದ. ಆರೋಗ್ಯ, ಪರಿಸರ ಎಂಬ ಮಾತುಗಳೆಲ್ಲ ಆಮೇಲೆ ಸೇರಿಕೊಂಡವು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವ ಕೆಲಸ ನನ್ನದು. ಅಲ್ಲಿಯ ಹುಡುಗರು ಒಂದು ಭಾನುವಾರ ಹಾವೇರಿಗೆ ಸೈಕಲ್ ಮೇಲೆ ಹೋಗೋಣ ಎಂದರು. ನಾನೂ ಹುರುಪಿನಿಂದ ಹೊರಟೆ. ಊರು ದಾಟುವಷ್ಟರಲ್ಲಿ ಎಲ್ಲರೂ ಮಾಯ. ಮೋಟೆಬೆನ್ನೂರಿನ ಹತ್ತಿರ ನಾನು ಪಂಕ್ಚರ್ ಅಂಗಡಿಯ ಮುಂದೆ ಕೂತಿದ್ದಾಗ ಮೊಬೈಲಿಗೆ ಫೋಟೋ ಬಂತು. ಹಾವೇರಿಯಲ್ಲಿ ಎಲ್ಲರೂ ಮಂಡಕ್ಕಿ, ಮಿರ್ಚಿ ತಿನ್ನುತ್ತ ನಿಂತಿದ್ದಾರೆ. ಕೆಳಗೆ 'ನಮ್ಮ ಇಡೀ ತಂಡ' ಎಂದು ಬರೆದಿದ್ದಾರೆ.

ಇಡೀ ತಂಡದಲ್ಲಿ ನಾನಿಲ್ಲ! ಅಲ್ಲಿಂದಲೇ ಮನೆಗೆ ಹಿಂತಿರುಗಿದೆ. ಗಂಡನ ಮುಂದೆ ಎಲ್ಲ ಒದರಿಕೊಂಡೆ. ಅವರು ಶಾಂತವಾಗಿ ಕೇಳಿ, "ಸಿಟ್ಟ ಬಂದ್ರ ನೀನ ಒಂದ ಗುಂಪ ಮಾಡು, ಯಾರನ್ನೂ ಬಿಟ್ಟು ಹೋಗದಂಥಾದ್ದು" ಎಂದರು. ಹಾಗೆ ಹೇಳಿದ ತಪ್ಪಿಗೆ ಇವತ್ತಿಗೂ ಪ್ರತಿ ಭಾನುವಾರ ಸ್ಕೂಟರ್ ಮೇಲೆ ನೀರು, ಇಡ್ಲಿ, ಪಂಪು ಹೇರಿಕೊಂಡು ನಮ್ಮ ಹಿಂದೆ ಬರುತ್ತಾರೆ. ತಾವು ಮಾತ್ರ ಸೈಕಲ್ ಮುಟ್ಟುವುದಿಲ್ಲ.

ಗುಂಪೇನೋ ಆಯಿತು. ನಮ್ಮ ಓಣಿಯ ನಿವೃತ್ತ ಹೆಡ್ ಮಾಸ್ತರರು ಸೇರಿದರು. ಫೋಟೋ ಕಳಿಸಿದ ಹುಡುಗರಲ್ಲಿ ಇಬ್ಬರು ತಪ್ಪಾಯಿತೆಂದು ಬಂದು ಸೇರಿದರು. ಗೇರಿನ ಸೈಕಲ್ಲು, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ; ಅವರನ್ನು ನಿಧಾನಕ್ಕೆ ಓಡಿಸುವುದೆಂದರೆ ಹೋರಿಯನ್ನು ಕುರಿಯ ಜೊತೆ ಮೇಯಿಸಿದಂತೆ. ಮೊದಲ ಸಲ ಬ್ಯಾಡಗಿಗೆ ಹೊರಟಾಗ ನಾನೊಂದು ನಿಯಮ ಮಾಡಿದೆ: ಎಲ್ಲರಿಗಿಂತ ನಿಧಾನದವರು ಮುಂದೆ, ಅವರನ್ನು ಯಾರೂ ದಾಟುವಂತಿಲ್ಲ. ಮಾಸ್ತರರು ಮುಂದಾದರು. ಅವರು ಪೆಡಲ್ ತುಳಿಯುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಹಿಂದಿದ್ದ ಹುಡುಗನೊಬ್ಬ ಅಷ್ಟು ನಿಧಾನಕ್ಕೆ ಓಡಿಸಲಾಗದೆ ನಿಂತಲ್ಲೇ ವಾಲಿ ಬಿದ್ದ. ಸಾಲದ್ದಕ್ಕೆ ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಗೆ ಹೊರಟ ಲಾರಿಗಳ ಹಿಂದೆ ಸಿಕ್ಕಿಕೊಂಡು ಎಲ್ಲರೂ ಸೀನಿದೆವು, ಕೆಮ್ಮಿದೆವು, ಕಣ್ಣೀರು ಸುರಿಸಿದೆವು. "ಮೇಡಮ್ಮಾರ, ಇದು ಸವಾರಿ ಅಲ್ರೀ, ಶವಯಾತ್ರಿ" ಎಂದ ಬಿದ್ದವನು. ನಾನು ಬೈದೆ. ಆದರೆ ಒಳಗೊಳಗೆ ಅವನ ಮಾತು ಖರೆ ಅನಿಸಿತು.

ಹೀಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ ಹುಡುಕುತ್ತಿರುವಾಗಲೇ ಆಪಾ ಬಂದರು.

ಆಪಾ ಎಂದರೆ ನಮ್ಮ ಪಕ್ಕದ ಮನೆಯವರು. ನನಗಿಂತ ಹಿರಿಯರು; ಅವರ ಮನೆಮಾತಿನಲ್ಲಿ ಅಕ್ಕ ಎಂಬ ಅರ್ಥದ ಆ ಹೆಸರು ಮೊದಲ ದಿನವೇ ನನ್ನ ಬಾಯಿಗೆ ತಾನಾಗಿ ಬಂತು. ಬ್ಲೌಸ್ ಹೊಲಿಯುತ್ತಾರೆ. ನನ್ನ ಮದುವೆಯಾದಾಗಿನಿಂದ ನನ್ನ ಅಳತೆ ಎಷ್ಟು ಬದಲಾಗಿದೆ ಎಂಬುದು ನನ್ನ ಗಂಡನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಮೊಣಕಾಲು ನೋವಿಗೆ ಡಾಕ್ಟರು ಸೈಕಲ್ ತುಳಿಯಿರಿ ಎಂದಿದ್ದರು. ಮಗಳು ಬಿಟ್ಟುಹೋದ ಲೇಡೀಸ್ ಸೈಕಲ್ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ಸಂಜೆ ಗೋಡೆಯ ಮೇಲಿಂದ, "ತಂಗೀ, ಈ ವಯಸ್ಸಿನಾಗ ಕಲಿಯಾಕ ಬರತೈತೇನ?" ಎಂದು ಕೇಳಿದರು.

ಶಾಲೆಯ ಮೈದಾನದಲ್ಲಿ ಕಲಿಸಿದೆ. ನನಗೆ ತಾಳ್ಮೆ ಕಡಿಮೆ ಎಂದು ಊರಿಗೇ ಗೊತ್ತು. ಆಪಾ ಬೀಳುವುದಕ್ಕಿಂತ ಮೊದಲೇ ನಾನು ಚೀರುತ್ತಿದ್ದೆ. ಆದರೂ ಕಲಿತರು. ದುಪಟ್ಟಾ ಸೊಂಟಕ್ಕೆ ಬಿಗಿದು ಅವರು ಮೈದಾನ ಸುತ್ತುವುದನ್ನು ನೋಡಿದರೆ, ಹುಟ್ಟುವಾಗಲೇ ಸೈಕಲ್ ಮೇಲೆ ಇದ್ದರೇನೋ ಅನಿಸಬೇಕು. ಒಂದೇ ತೊಂದರೆ: ಇಳಿಯಲು ಬರುತ್ತಿರಲಿಲ್ಲ. ಸೀಟು ಕೆಳಗಿಳಿಸಿದರೆ ಮೊಣಕಾಲು ನೋಯುತ್ತದೆ. ಮೇಲಿದ್ದರೆ ಕಾಲು ನೆಲಕ್ಕೆ ಎಟುಕದು. ಅದಕ್ಕೆ ಧ್ವಜದ ಕಟ್ಟೆಯ ಪಕ್ಕಕ್ಕೆ ಬಂದು, ಬ್ರೇಕ್ ಹಿಡಿದು, ಎಡಗಾಲನ್ನು ಕಟ್ಟೆಯ ಮೇಲಿಟ್ಟು, ಅಲ್ಲಿಂದ ನಿಧಾನಕ್ಕೆ ಇಳಿಯುವುದನ್ನು ರೂಢಿಸಿಕೊಂಡರು. ಹತ್ತುವುದೂ ಅಲ್ಲಿಂದಲೇ. ಕಟ್ಟೆ ಇಲ್ಲದ ಕಡೆ ನಿಲ್ಲಿಸಿ ಎಂದು ನಾನು ಎಷ್ಟು ಬಡಕೊಂಡರೂ, "ಕಾಲು ಹೆದರತಾವ, ನಾ ಏನ್ ಮಾಡ್ಲಿ" ಎನ್ನುತ್ತಿದ್ದರು.

ಅವರಿಗೆ ಹೋಗಬೇಕಾಗಿದ್ದುದು ಮೇಡ್ಲೇರಿಗೆ. ಅದು ಅವರ ತವರು. ಅಣ್ಣ ಅಲ್ಲಿಯೇ ಹೊಳೆಯ ಕಡೆ ಹೊಲ ಮಾಡಿಕೊಂಡಿದ್ದಾರೆ. ಚಿಕ್ಕವರಿದ್ದಾಗ ಮನೆಯಲ್ಲಿ ಒಂದೇ ಸೈಕಲ್ ಇತ್ತು, ಅದು ಅಣ್ಣನದು. ಅವರು ಅದರ ಮೇಲೆ ರಾಣೆಬೆನ್ನೂರಿನ ಹೈಸ್ಕೂಲಿಗೆ ಬರುತ್ತಿದ್ದರು. ತಂಗಿಯನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಾಲುವೆಯ ಸೇತುವೆಯವರೆಗೆ ಒಯ್ದು, ಇಳಿಸಿ, ತಾವು ಮುಂದೆ ಹೋಗುತ್ತಿದ್ದರು. ಅಲ್ಲಿಂದ ಆಪಾ ನಡೆದುಕೊಂಡು ಮನೆಗೆ. ಒಮ್ಮೆ ತುಳಿಯಲು ಕೊಡು ಎಂದರೆ, "ಬಿದ್ದಿ ಅಂದ್ರ ಅಬ್ಬಾ ನನ್ನ ಚರ್ಮ ಸುಲೀತಾರ" ಎಂದು ಅಪ್ಪನ ಹೆಸರು ಹೇಳಿ ಹೆದರಿಸುತ್ತಿದ್ದರಂತೆ ಅಣ್ಣ. ಈ ಕತೆಯನ್ನು ಆಪಾ ದೂರಿನಂತೆ ಹೇಳಲಿಲ್ಲ, ನಗುತ್ತಲೇ ಹೇಳಿದರು. ಕೊನೆಗೆ ಮಾತ್ರ ನಗು ನಿಲ್ಲಿಸಿ, "ಒಂದ ಸಲ ನಾನ ಸೈಕಲ್ ಹೊಡಕೊಂಡ ಹೋಗಿ ನಮ್ಮ ಮನಿ ಮುಂದ ಇಳೀಬೇಕ ತಂಗಿ. ಭಾಯಿ ಅದನ್ನ ನೋಡಬೇಕು. ಅಷ್ಟ" ಎಂದರು.

ಅಣ್ಣನಿಗೆ ಫೋನು ಮಾಡಿ ಹೇಳಿದರೆ ಅವರು ಬಿದ್ದುಬಿದ್ದು ನಕ್ಕರಂತೆ. "ಸುಮ್ನ ಬಸ್ಸಿನಾಗ ಬಾ ಹುಡುಗಿ. ಇಲ್ಲಾ, ನಾನ ಗಾಡಿ ತಗೊಂಡ ಬರ್ತೇನಿ." ಆ ದಿನ ಆಪಾ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು, ತುಳಿಯುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಭಾನುವಾರ ಮೇಡ್ಲೇರಿ ಎಂದು ಗುಂಪಿಗೆ ಸಾರಿಬಿಟ್ಟೆ.

ಸಾರಿದ ಮೇಲೆ ದಾರಿಯ ಚಿಂತೆ. ಶನಿವಾರ ಗಂಡನ ಸ್ಕೂಟರಿನ ಹಿಂದೆ ಕೂತು ಮೇಡ್ಲೇರಿ ರಸ್ತೆಯುದ್ದಕ್ಕೂ ಕಟ್ಟೆ ಹುಡುಕುತ್ತ ಹೋದೆ. ಜನ ದಾರಿಯಲ್ಲಿ ಏರು, ತಗ್ಗು ನೋಡುತ್ತಾರೆ. ನಾನು ಆಪಾನ ಎಡಗಾಲಿಗೆ ಎಟುಕುವ ಕಲ್ಲು ನೋಡಿದೆ. ಬಸ್ ತಂಗುದಾಣದ ಕಟ್ಟೆ, ಬೇವಿನ ಮರದ ಕಟ್ಟೆ, ಕಾಲುವೆ ಸೇತುವೆಯ ಗಿಡ್ಡ ಗೋಡೆ. ಪ್ರತಿಯೊಂದರ ಪಕ್ಕ ನಿಂತು ಕಾಲೆತ್ತಿ ಅಳೆದೆ. ಹೊಲಕ್ಕೆ ಹೊರಟಿದ್ದ ಒಬ್ಬ ಅಜ್ಜ ನಿಂತು, "ಏನ್ ಹುಡುಕಾಕತ್ತೀಯವ್ವಾ?" ಎಂದು ಕೇಳಿದ. "ಕುಂದ್ರಾಕ ಜಾಗಾರೀ" ಎಂದರು ನನ್ನ ಗಂಡ. "ಮನಿಯಾಗ ಜಾಗಾ ಇಲ್ಲೇನ?" ಎಂದು ಅಜ್ಜ ಹೊರಟುಹೋದ.

ಕೊನೆಯ ಕಟ್ಟೆಯ ಬಗ್ಗೆ ಚಿಂತೆ ಇರಲಿಲ್ಲ. "ನಮ್ಮ ಮನಿ ಮುಂದ ಎಷ್ಟ ಚಂದ ಕಟ್ಟಿ ಐತಿ, ಇಷ್ಟ ಎತ್ತರ" ಎಂದು ಆಪಾ ಕೈಯಿಂದ ಅಳತೆ ತೋರಿಸಿದ್ದರು. ಅಳತೆಯ ವಿಷಯದಲ್ಲಿ ಅವರ ಮಾತು ತಪ್ಪುವುದಿಲ್ಲ.

ಭಾನುವಾರ ಹೊರಡುವಾಗ ಹೊಸ ನಿಯಮ ಹೇಳಿದೆ. ಜೋರಿನವರು ಎಷ್ಟು ಬೇಕಾದರೂ ಜೋರಾಗಿ ಹೋಗಲಿ, ಆದರೆ ಮುಂದಿನ ಕಟ್ಟೆಯವರೆಗೆ ಮಾತ್ರ. ಅಲ್ಲಿ ಕೂತಿರಬೇಕು. ಆಪಾ ಬರುವುದು ಕಂಡ ಕೂಡಲೇ ಎದ್ದು ಕಟ್ಟೆ ಖಾಲಿ ಮಾಡಬೇಕು. ಎಲ್ಲರೂ ಸೇರಿದ ಮೇಲೆಯೇ ಮುಂದಿನ ಕಟ್ಟೆ. ಇದನ್ನು ನಾನು ಆಪಾನ ಕಾಲಿಗೋಸ್ಕರ ಮಾಡಿದ್ದು. ಆದರೆ ಗುಂಪಿಗೆಲ್ಲ ಅದು ಹೇಳಿ ಮಾಡಿಸಿದಂತೆ ಹೊಂದಿತು. ಹುಡುಗರು ಗಾಳಿಯ ಹಾಗೆ ಹೋಗಿ ಕಟ್ಟೆಯ ಮೇಲೆ ಕಾಲು ಚಾಚಿ ಹರಟಿದರು. ಮಾಸ್ತರರು ಬಂದು ಅವರ ಹರಟೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಕೊನೆಗೆ ಆಪಾ, ಅವರ ಹಿಂದೆ ನಾನು, ನನ್ನ ಹಿಂದೆ ಇಡ್ಲಿ. ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ, ಒಂದೇ ಚೀಲದ ಬೀಜ ಒಂದೇ ದಿನ ಮೊಳೆಯುವುದಿಲ್ಲ. ಕೊನೆಯ ದಿನದವರೆಗೆ ಕಾಯದೆ ಯಾವುದನ್ನೂ ಸತ್ತಿದೆ ಎಂದು ಬರೆಯುವಂತಿಲ್ಲ. ದಿನವೂ ನೋಡುವ ಸಂಗತಿಯನ್ನು ಸೈಕಲ್ಲಿಗೆ ಹಚ್ಚಲು ನನಗೆ ಇಷ್ಟು ದಿನ ಬೇಕಾಯಿತು.

ಬಿಸಿಲು ಇನ್ನೂ ಎಳೆಯದಿತ್ತು. ಗೋವಿನಜೋಳದ ತೆನೆ ಮುರಿದ ಹೊಲಗಳಲ್ಲಿ ದಂಟು ಒಣಗಿ ನಿಂತಿತ್ತು. ಕಾಲುವೆಯ ಸೇತುವೆಗೆ ಬಂದು ಕಾಲಿಟ್ಟಾಗ ಆಪಾ ಒಂದು ಗಳಿಗೆ ನೀರು ನೋಡುತ್ತ ನಿಂತರು. "ಇಲ್ಲೇ ನೋಡ ತಂಗಿ, ಇಲ್ಲೇ ನನ್ನ ಇಳಿಸಿ ಹೋಗತಿದ್ದ" ಎಂದರು. ನಾನು ಇಡ್ಲಿ ಕೊಟ್ಟೆ. ತಿಂದು, ಕೈ ತೊಳೆದು, ಅದೇ ಗೋಡೆಯ ಮೇಲೆ ಕಾಲಿಟ್ಟು ಮತ್ತೆ ಹತ್ತಿದರು. ಹುಡುಗರು ಮುಂದಿನ ಕಟ್ಟೆಗೆ ಹಾರಿಹೋದರು.

ಸೇತುವೆ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಎದುರಿನಿಂದ ಬಿಳಿ ಪಿಕಪ್ ಗಾಡಿ ಬಂತು. ಹೆಣ್ಣುಮಗಳು ತವರಿಗೆ ಬರುತ್ತಾಳೆಂದರೆ ಅರ್ಧ ದಾರಿಗೆ ಬಂದು ಕರೆದೊಯ್ಯುವುದು ಅಣ್ಣನ ಧರ್ಮವಲ್ಲವೇ? ಅವರು ಬಂದಿದ್ದರು. ಹಿಂದೆ ಸೈಕಲ್ ಹಾಕಿಕೊಳ್ಳಲು ಗೋಣಿತಟ್ಟು ಕೂಡ ಹಾಸಿದ್ದರು. ಗಾಡಿಯಿಂದ ಇಳಿದು ರಸ್ತೆಯ ಬದಿಗೆ ನಿಂತು ಎರಡೂ ಕೈ ಚಾಚಿದರು. "ಸಾಕ ಬಾ, ಇಲ್ಲೀತನಕ ಬಂದಿದ್ದ ದೊಡ್ಡದು!"

ಆಪಾ ನಿಲ್ಲಲಿಲ್ಲ. ಅಣ್ಣನ ಮುಖವನ್ನು ನೋಡಿ, ಹಾಗೆಯೇ ಮುಂದೆ ಹೋಗಿಬಿಟ್ಟರು.

ಅಣ್ಣನ ಕೈಗಳು ಚಾಚಿದಂತೆಯೇ ಉಳಿದವು. ಮುಖ ಸಣ್ಣದಾಯಿತು. "ಏ ಹುಡುಗಿ, ನಿಂದ್ರ! ನಕ್ಕಿದ್ದಕ್ಕ ಸಿಟ್ಟಾಗೀಯೇನ?" ಎಂದು ಕೂಗಿದರು. "ಕಟ್ಟಿ ಇಲ್ಲಲ್ಲ ಭಾಯ್!" ಎಂದು ಮುಂದಿನಿಂದ ಕೂಗು ಬಂತು. ಪಾಪ, ಅವರಿಗೆ ತಲೆಬುಡ ತಿಳಿಯಲಿಲ್ಲ. ನಾನು ಇಳಿದು ಎಲ್ಲ ಹೇಳಿದೆ. "ಸಿಟ್ಟಲ್ರೀ ಅಣ್ಣಾರ. ಕಟ್ಟಿ ಇಲ್ಲದ ಇಳಿಯಾಕ ಬರೂದಿಲ್ಲ ಅವರಿಗೆ." ಅವರು ನನ್ನನ್ನು ನೋಡಿದರು, ದೂರ ಹೋಗುತ್ತಿದ್ದ ತಂಗಿಯನ್ನು ನೋಡಿದರು. ನಗುತ್ತಾರೆಂದು ನಾನು ಬೈಯಲು ಸಿದ್ಧಳಾಗಿ ನಿಂತಿದ್ದೆ. ನಗಲಿಲ್ಲ. ಗಾಡಿ ತಿರುಗಿಸಿದರು. ಅಲ್ಲಿಂದ ಮುಂದೆ ತಂಗಿಯ ಸೈಕಲ್ಲಿನ ಹಿಂದೆ, ಅದರದೇ ವೇಗದಲ್ಲಿ, ಹಾರ್ನ್ ಬಾರಿಸದೆ ಬಂದರು. ಹಿಂದೊಂದು ಬಸ್ಸು, ಅದರ ಹಿಂದೊಂದು ಕಬ್ಬಿನ ಟ್ರ್ಯಾಕ್ಟರ್ ಸೇರಿದವು. ಬಸ್ಸಿನ ಡ್ರೈವರ್ ಬೈದೇ ಬೈದ. ಅಣ್ಣ ದಾರಿ ಬಿಡಲಿಲ್ಲ. ನಮ್ಮ ಸಣ್ಣ ಗುಂಪಿಗೆ ಅಂಥ ಮೆರವಣಿಗೆ ಹಿಂದೆಂದೂ ಆಗಿರಲಿಲ್ಲ, ಮುಂದೆ ಆಗುವುದೂ ಬೇಡ.

ಮನೆ ಗೊತ್ತಿಲ್ಲದೆ ಊರ ಮುಂದೆ ನಿಂತಿದ್ದ ಹುಡುಗರು, ಮಾಸ್ತರರು ಹಿಂದೆ ಸೇರಿಕೊಂಡರು; ಊರೊಳಗೆ ಹೋದೆವು. ಓಣಿಯ ತಿರುವಿನಲ್ಲಿ ಅವರ ಮನೆ ಕಂಡಿತು. ಕಟ್ಟೆ ಇತ್ತು, ಆಪಾ ಹೇಳಿದ ಅಳತೆಯದೇ. ಆದರೆ ಅದರ ತುಂಬ ಜನ. ತಂಗಿ ಸೈಕಲ್ ಮೇಲೆ ಬರುತ್ತಾಳೆಂದು ಅಣ್ಣನೇ ಓಣಿಗೆಲ್ಲ ಹೇಳಿದ್ದರಂತೆ. ಅಣ್ಣನ ಹೆಂಡತಿ, ಮೊಮ್ಮಕ್ಕಳು, ಎದುರುಮನೆಯ ಗೌಡಸಾನಿ, ಯಾರ್ಯಾರೋ ಅಜ್ಜಿಯರು ಸೇರಿ ಬೆಳಿಗ್ಗೆಯಿಂದ ಜಾಗ ಹಿಡಿದು ಕೂತಿದ್ದರು. ಕಟ್ಟೆ ಖಾಲಿ ಮಾಡಬೇಕೆಂಬ ನಿಯಮ ನಾನು ಮೇಡ್ಲೇರಿಗೆ ಹೇಳಿರಲಿಲ್ಲ. ಆಪಾನನ್ನು ಕಂಡದ್ದೇ ತಡ, ಎಲ್ಲರೂ ಎದ್ದು ಬೀದಿಗೆ ನುಗ್ಗಿದರು. ಈಗ ಕಟ್ಟೆ ಖಾಲಿ, ಆದರೆ ಅದಕ್ಕೂ ಸೈಕಲ್ಲಿಗೂ ನಡುವೆ ಇಡೀ ಓಣಿ!

"ಆಚಿ ಸರೀರಿ, ಆಚಿ ಸರೀರಿ!" ಎಂದು ಕೂಗುತ್ತ ಆಪಾ ತಮ್ಮ ತವರುಮನೆಯನ್ನು ದಾಟಿ ಮುಂದೆ ಹೋದರು. ಮಸೀದಿಯ ಮುಂದಿನ ಬಯಲಿನಲ್ಲಿ ದೊಡ್ಡದಾಗಿ ಸುತ್ತು ಹೊಡೆದು ತಿರುಗಿ ಬಂದರು. ಮುಖ ಬೆವತಿತ್ತು. ಇಲ್ಲಿಯವರೆಗೆ ಬಂದು ಎಲ್ಲರೆದುರು ಬಿದ್ದರೆ ಎಂದು ನನಗೆ ಕಣ್ಣು ಮುಚ್ಚಿಕೊಳ್ಳುವಂತಾಯಿತು. ನಾನು ಸೈಕಲ್ ಬಿಸಾಕಿ ಓಡುವಷ್ಟರಲ್ಲಿ ಅಣ್ಣ ಗಾಡಿಯಿಂದ ಜಿಗಿದರು. ಆ ವಯಸ್ಸಿನಲ್ಲಿ ಅಷ್ಟು ಜನರನ್ನು ಸೀಳಿಕೊಂಡು ನಡುಬೀದಿಗೆ ಬಂದು, ಕಾಲಗಲಿಸಿ, ಹೆಗಲು ಸೆಟೆಸಿ ನಿಂತರು.

"ಬಾ. ನಾನ ಕಟ್ಟಿ."

ಆಪಾ ಬ್ರೇಕ್ ಹಿಡಿದರು. ಎಡಗೈಯನ್ನು ಅಣ್ಣನ ಹೆಗಲ ಮೇಲಿಟ್ಟು ಇಡೀ ಭಾರ ಬಿಟ್ಟರು. "ಅಲ್ಲಾಡಬ್ಯಾಡ ಭಾಯ್." ಅವರು ಅಲ್ಲಾಡಲಿಲ್ಲ. ಆಪಾ ಒಂದು ಕಾಲು ನೆಲಕ್ಕಿಟ್ಟರು. ಆಮೇಲೆ ಇನ್ನೊಂದು. ಕಟ್ಟೆ ಇಲ್ಲದ ಕಡೆ ಅವರು ಇಳಿದದ್ದು ಅದೇ ಮೊದಲು. ಓಣಿಯ ಜನ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಬ್ಯಾಡಗಿಯ ಮೆಣಸಿನಕಾಯಿ ಲಾರಿಯೇನೂ ಹತ್ತಿರ ಇರಲಿಲ್ಲ, ನೆಪ ಹೇಳಲು.

ಅಣ್ಣ ಮಾತ್ರ ಹಾಗೆಯೇ ನಿಂತಿದ್ದರು. ತಂಗಿಯ ಕೈ ಹೆಗಲ ಮೇಲಿತ್ತು, ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

"ಇಳದೇನಿ ಭಾಯ್" ಎಂದರು ಆಪಾ. "ಇನ್ನ ಅಲ್ಲಾಡು."

ಅವರು ಅಲ್ಲಾಡಲಿಲ್ಲ.