ಬುತ್ತಿ ಮುಟ್ಟದ ಊರು

ನಮ್ಮ ಮನೆಯಲ್ಲಿ ಯಾರು ಎಲ್ಲಿ ಓದಬೇಕು ಎಂಬುದನ್ನು ಬಹಳ ವರ್ಷ ನಾನೇ ನಿರ್ಧರಿಸಿದ್ದೇನೆ. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು. ಕಾಲೇಜಿನೊಳಗೆ ಏನು ಕಲಿಸುತ್ತಾರೆ ಎಂಬುದು ನನಗೆ ಗೊತ್ತಿಲ್ಲ, ಕೇಳಿದವಳೂ ಅಲ್ಲ. ನಾನು ನೋಡುತ್ತಿದ್ದುದು ಒಂದನ್ನೇ. ಬೆಳಿಗ್ಗೆ ಮುನವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಬುತ್ತಿ ಮಧ್ಯಾಹ್ನದ ಊಟಕ್ಕೆ ಆ ಊರು ಮುಟ್ಟಬೇಕು. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಡಬ್ಬಿಗೆ ಹಾಕಿ, ಅರಿವೆ ಕಟ್ಟಿ, ಡ್ರೈವರನ ಹಿಂದೆ ಇಟ್ಟರಾಯಿತು. ಅತ್ತ ಮಕ್ಕಳು ಬಂದು ಇಳಿಸಿಕೊಳ್ಳುತ್ತಿದ್ದರು, ಸಂಜೆ ಬಸ್ಸಿಗೆ ಖಾಲಿ ಡಬ್ಬಿ ತಿರುಗಿ ಬರುತ್ತಿತ್ತು. ನನ್ನ ಮಗ ಧಾರವಾಡದಲ್ಲಿ ಓದಿದ್ದು ಹೀಗೆಯೇ. ಅವನಿಗೆ ಇನ್ನೂ ದೂರ ಹೋಗುವ ಆಸೆ ಇತ್ತೇನೋ, ನಾನು ವಿಚಾರಿಸಲಿಲ್ಲ. ಬುತ್ತಿ ಮುಟ್ಟದ ಊರಿಗೆ ನಮ್ಮ ಮನೆಯಿಂದ ಯಾರೂ ಹೋಗಕೂಡದು ಎಂದಿದ್ದೆ, ಮುಗಿಯಿತು.

ಮೊಮ್ಮಗಳು ಓದಿನಲ್ಲಿ ಚುರುಕು. ಬೈಲಹೊಂಗಲದಲ್ಲಿ ಸೈನ್ಸ್ ತೆಗೆದುಕೊಂಡು ಪಿಯುಸಿ ಓದುತ್ತಿದ್ದಳು, ಡಾಕ್ಟರ್ ಆಗುತ್ತೇನೆ ಎನ್ನುತ್ತಿದ್ದಳು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅವಳ ಎರಡನೇ ವರ್ಷದ ಪರೀಕ್ಷೆ ಹತ್ತಿರ ಬಂದಾಗ ನಾನು ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಸೊಂಟದ ಕೆಳಗಿನ ಎಲುಬು ಮುರಿಯಿತು. ಬೆಳಗಾವಿಯಲ್ಲಿ ರಾಡ್ ಹಾಕಿಸಿಕೊಂಡು ಬಂದು ಹಾಸಿಗೆ ಹಿಡಿದೆ.

ಬೀಳುವುದು ಯಾರ ಕೈಯಲ್ಲೂ ಇಲ್ಲ. ಬಿದ್ದ ಮೇಲೆ ಮಾಡಿದ್ದು ಮಾತ್ರ ಪೂರಾ ನನ್ನದೇ. ಸೊಸೆ ನೀರು ಕಾಸಿಕೊಂಡು ಬಂದು, "ಅತ್ತಿ, ನಾ ಮೈ ತೊಳಸ್ತೇನಿ. ಆಕಿ ಓದ್ಲಿ" ಎಂದಳು.

"ನಿನ್ನ ಕೈ ಹಚ್ಚಬ್ಯಾಡ ನನ್ನ ಮೈಗೆ. ಹುಡುಗೀನ ಕಳಸ."

ರಾಮದುರ್ಗದಿಂದ ಬಂದ ಸೊಸೆ ಅವಳು. ಕೆಟ್ಟವಳೇನಲ್ಲ. ನಮ್ಮಿಬ್ಬರ ನಡುವೆ ಹೇಳಿಕೊಳ್ಳುವಂಥ ಜಗಳವೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷ ಅವಳ ಮುಂದೆ ಯಜಮಾನಿಕೆ ಮಾಡಿದ ನಾನು ಅವಳೆದುರು ಅರಿವೆ ಬಿಚ್ಚಿ ಕೂತರೆ, ಕೀಲಿಕೈ ಗೊಂಚಲನ್ನು ಅಂದೇ ಕೊಟ್ಟ ಹಾಗೆ ಎಂದುಕೊಂಡೆ. ಅದಕ್ಕೇ ಮೊಮ್ಮಗಳು. ಅವಳು ಪುಸ್ತಕ ಬೋರಲು ಇಟ್ಟು ಎದ್ದು ಬರುತ್ತಿದ್ದಳು. ಮೈ ತೊಳೆಯುವುದು, ಸೀರೆ ಉಡಿಸುವುದು, ಹಾಸಿಗೆಯಲ್ಲೇ ಪಾತ್ರೆ ಹಿಡಿಯುವುದು, ಎಲ್ಲ ಅವಳೇ. ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ನಾನು ಬೈದಾದರೂ ಹಗುರಾಗುತ್ತಿದ್ದೆ.

ರಿಸಲ್ಟ್ ಬಂದಾಗ ಫಿಜಿಕ್ಸಿನಲ್ಲಿ ಹೇಗೋ ದಾಟಿದ್ದಳು, ಉಳಿದದ್ದೂ ಅಷ್ಟಕ್ಕಷ್ಟೇ. ಸಿಇಟಿ ನಂಬರ್ ಬಹಳ ಹಿಂದೆ ಬಿತ್ತು. ಮನೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದೇ ನೋಡದೆ ಇದ್ದದ್ದು ಅದು, ನನಗೆ ತಿಳಿಯುತ್ತಿತ್ತು. ಹುಡುಗಿ ಒಂದು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನ ಎದ್ದು, "ಹಲ್ಲಿನ ಡಾಕ್ಟರ್ ಆಗತೇನಿ" ಎಂದಳು.

"ಹಲ್ಲಂದ್ರ ಹಲ್ಲ. ಅದೂ ಮೈಯಾಗಿಂದs ಅಲ್ಲೇನು" ಎಂದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಸರ್ಕಾರದ ಪಾಲಿನ ಸೀಟಿನ ಆಸೆ ಇರಲಿಲ್ಲ. ಉಳಿದದ್ದು ಖಾಸಗಿ ಕಾಲೇಜುಗಳು, ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು. ಯಾವುದಕ್ಕೆ ಹಾಕಬೇಕೆಂದು ಕೇಳಲು ಅವಳ ಕೆಮಿಸ್ಟ್ರಿ ಮಾಸ್ತರರ ಮನೆಗೆ ಕಿತ್ತೂರಿಗೆ ಹೋದೆವು. ಮಗ ಬಾಡಿಗೆಗೆ ಟ್ರ್ಯಾಕ್ಸ್ ಜೀಪು ಮಾಡಿದ. ಕೋಲು ಹಿಡಿದು ನಾನೂ ಹತ್ತಿ ಕುಳಿತೆ. ರಾಡ್ ಹಾಕಿಸಿಕೊಂಡು ಬಂದ ಮೇಲೆ ಮೊದಲ ಸಲ ಹೊಸ್ತಿಲು ದಾಟಿದ್ದು ಅಂದೇ. ನನ್ನನ್ನು ಬಿಟ್ಟು ಊರು ಗೊತ್ತು ಮಾಡಿಯಾರು ಎಂಬ ಸಂಶಯ.

ಮಾಸ್ತರರು ಚುರಮರಿ ತರಿಸಿದರು. ಅಂಕಪಟ್ಟಿ ನೋಡಿ ಮುಖ ಸಣ್ಣ ಮಾಡಲಿಲ್ಲ, ಅದು ಅವರ ದೊಡ್ಡತನ.

"ಮಾರ್ಕ್ಸ್ ಕಡಿಮಿ ಅದಾವ ಅಂತ ಅಂಜಬಾರದು" ಎಂದರು. "ಆದ್ರ ಶಾಣ್ಯಾತನದಿಂದ ಹಾಕಬೇಕು. ಸಿಕ್ಕರ ದೇವರ ದಯಾ ಅನ್ನೂವಂಥಾವು ಒಂದೆರಡು. ಸಿಕ್ಕರೂ ಸಿಗಬಹುದು ಅನ್ನೂವಂಥಾವು ಎರಡು ಮೂರು. ಖಾತ್ರಿ ಕೊಡತಾರ ಅನ್ನೂವಂಥಾವು ಮತ್ತ ಒಂದೆರಡು. ಈ ಖಾತ್ರೀವು ಬಿಟ್ರ ಕೈ ಖಾಲಿ ಉಳೀತೈತಿ."

"ಖಾತ್ರಿ ಕೊಡೂವು ಎಲ್ಲಿ ಅದಾವ್ರಿ?" ಮಗ ಕೇಳಿದ.

ಮಾಸ್ತರರು ಬೆಂಗಳೂರು ದಾಟಿ ಎರಡು ತಾಸಿನ ಹಾದಿಯಲ್ಲಿರುವ ಒಂದು ಊರು ಹೇಳಿದರು. ಕಾಲೇಜು ಹೊಸದು, ಮಾನ್ಯತೆ ಇದೆ, ವಿಚಾರಿಸಿದ್ದೇನೆ ಎಂದರು. "ಮುಖ್ಯ ಅಂದ್ರ ಪೇಶಂಟ್ ಬರತಾರ. ಕೆಲವು ಕಡೆ ಕುರ್ಚಿ ಸಾಲಾಗಿ ಇರತಾವು, ಕುಂಡ್ರವರs ಇರೂದಿಲ್ಲ. ಹುಡುಗರು ಯಾರ ಬಾಯಿ ನೋಡಿ ಕಲೀಬೇಕು?"

"ಹಲ್ಲ ಬ್ಯಾನಿ ಇಲ್ಲದ ಊರೂ ಅದಾವೇನ್ರಿ?" ಎಂದೆ.

"ಬ್ಯಾನಿ ಎಲ್ಲಾ ಕಡೆ ಐತ್ರೀ ಅಮ್ಮಾರ. ನಿಮ್ಮಂಥವರು ಮಿಶ್ರಿ ತಿಕ್ಕೊಂಡು ಮನ್ಯಾಗ ಕುಂಡರತೀರಿ, ದವಾಖಾನಿಗೆ ಬರೂದಿಲ್ಲ."

ಎಲ್ಲರೂ ನಕ್ಕರು. ಮಿಶ್ರಿ ಅಂದರೆ ಸುಟ್ಟ ತಂಬಾಕಿನ ಪುಡಿ; ನನ್ನ ಬಾಯಲ್ಲಿ ಆಗಲೂ ಅದರ ಕಪ್ಪು ಇತ್ತು, ತುಟಿ ಮುಚ್ಚಿಕೊಂಡೆ. ನಗು ಮುಗಿಯುವ ಮೊದಲೇ ಮೊಮ್ಮಗಳು, "ಸರ್, ಅದು ಬ್ಯಾಡ. ಬೆಳಗಾವಿ, ಧಾರವಾಡ, ಬಾಗಲಕೋಟಿ, ಇಷ್ಟಕ್ಕs ಹಾಕತೇನಿ" ಎಂದಳು.

"ಇವು ಮೂರೂ ದೇವರ ದಯಾದವು ಆಗತಾವಲ್ಲವಾ" ಎಂದರು ಮಾಸ್ತರರು.

ನಾನು ಸುಮ್ಮನಿರಬಹುದಿತ್ತು. "ಆಕಿ ಹೇಳೂದು ಖರೆ ಐತಿ. ಬುತ್ತಿ ಮುಟ್ಟದ ಊರು ನಮಗ್ಯಾಕ? ಅಲ್ಲಿ ಅನ್ನಾ ತಿಂದು ತಿಂದು ಬಾಯಿ ಸಪ್ಪಗಾಗಿ ಬರತಾಳ" ಎಂದೆ. ಅಷ್ಟು ಓದಿದ ಮನುಷ್ಯ ನನ್ನ ಮುಖ ನೋಡಿ ಅಂಕಪಟ್ಟಿ ಮಡಚಿ ತಿರುಗಿ ಕೊಟ್ಟರು. ಹಿರಿಯಳು ಮಾತಾಡಿದ ಮೇಲೆ ಅವರಾದರೂ ಏನು ಹೇಳಿಯಾರು. ಟ್ರ್ಯಾಕ್ಸಿನಲ್ಲಿ ತಿರುಗಿ ಬರುವಾಗ ನನಗೆ ಖುಷಿಯೇ ಆಗಿತ್ತು. ಹುಡುಗಿ ನನ್ನ ಮಾತು ಮೀರಲಿಲ್ಲ ಎಂದುಕೊಂಡಿದ್ದೆ.

ಮೂರೂ ಕಡೆಯಿಂದ ಇಲ್ಲ ಎಂದು ಬಂತು. ಒಂದು ಕಡೆಯವರು ಪತ್ರ ಹಾಕಿದರು, ಇನ್ನೊಂದು ಕಡೆ ಮಗನೇ ಹೋಗಿ ನಿಂತು ಕೇಳಿಕೊಂಡು ಬಂದ, ಮೂರನೆಯದು ಫೋನಿನಲ್ಲೇ ಮುಗಿಯಿತು. ಮೂವರದೂ ಒಂದೇ ಮಾತು, ಅಂಕ ಸಾಲವು. ಆ ಸಲವೂ ಯಾರೂ ನನ್ನ ಕಡೆ ನೋಡಲಿಲ್ಲ.

ಅದಾದ ಒಂದೆರಡು ದಿನಕ್ಕೆ ಬೆಳಿಗ್ಗೆ ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು ಹುಡುಗಿಯ ದಾರಿ ಕಾಯುತ್ತಿದ್ದೆ. ನಡುವೆ ಒಂದೇ ಗೋಡೆ, ಆಚೆ ಅಡುಗೆಮನೆ. ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳಿಗೆ ಹೇಳುತ್ತಿದ್ದಳು.

"ಆ ದೂರದ ಊರಿಗೆ ಹಾಕು. ಇನ್ನೂ ವ್ಯಾಳ್ಯಾ ಐತಂತ, ಮಾಸ್ತರರು ಫೋನ್ ಮಾಡಿದ್ರು."

"ಬ್ಯಾಡ ಬಿಡು."

"ಬುತ್ತಿ ಬುತ್ತಿ ಅಂತ ಕುಂತ್ರ ಜನ್ಮಪೂರ್ತಿ ರೊಟ್ಟೀನs ಬಡೀತಿ, ನನ್ನಂಗ."

"ಬುತ್ತಿ ಸಂಬಂಧ ಅಲ್ಲ, ಯವ್ವಾ" ಎಂದಳು ಹುಡುಗಿ. "ಬಾಗಲಕೋಟಿ ಅಂದ್ರ ವಾರಕ್ಕೊಮ್ಮೆರೆ ಬರಬಹುದು. ಅಷ್ಟ ದೂರ ಹ್ವಾದ್ರ ಆಯೀಗೆ ಜಳಕಾ ಯಾರ ಮಾಡಸ್ತಾರ? ನಿನ್ನ ಕೈಲೆ ಮಾಡಿಸ್ಕೊಳ್ಳೂದಿಲ್ಲ. ಹಂಗs ಹೊಲಸಾಗಿ ಕುಂಡರತಾಳ."

ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.

ನಾನು ಮಣೆಯ ಮೇಲೆ ಹಾಗೇ ಕೂತಿದ್ದೆ. ಒಂದು ಸಲ ಅವಳ ಅಂಕ ತಿಂದಿದ್ದೆ. ಈಗ ಆ ಕಡಿಮೆ ಅಂಕಕ್ಕೂ ಸಿಗುವ ಒಂದೇ ಸೀಟನ್ನೂ ತಿನ್ನುತ್ತಿದ್ದೆ, ಅದೂ ಕಾಲು ಚಾಚಿ ಮಣೆಯ ಮೇಲೆ ಕೂತು, ಬಿಸಿನೀರಿಗೆ ಕಾಯುತ್ತ. ಅಳು ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಹುಡುಗಿ ಕೊಡ ಹಿಡಿದು ಬಂದಳು. "ನೀ ಹೋಗು. ನಿಮ್ಮವ್ವನ ಕಳಸು" ಎಂದೆ.

"ಯಾಕ ಆಯಿ? ಏನಾತು?"

"ಕಳಸಂದ್ರ ಕಳಸು."

ಸೊಸೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಏನು ತಪ್ಪಾಯಿತೋ ಎಂದು ನೋಡುತ್ತಿದ್ದಳು. ಇಪ್ಪತ್ತು ವರ್ಷ ನಾನು ಕರೆದಾಗಲೆಲ್ಲ ಹಾಗೆಯೇ ನಿಂತಿದ್ದಾಳೆ, ನಾನು ಅಂದು ನೋಡಿದೆ.

"ಕೈ ತೊಳಕೊಂಡ ಬಾ. ಇವತ್ತಿಂದ ನೀನs ನನಗ ಜಳಕಾ ಮಾಡಸು."

ಅವಳು ಕೈಗೆ ಹತ್ತಿದ ಹಿಟ್ಟು ತಿಕ್ಕಿ ಉದುರಿಸಿದಳು. ಆಮೇಲೆ, "ಆಗ ನನ್ನ ಕೈ ನಿಮಗ ಆಗಿರಲಿಲ್ಲಲ್ರಿ ಅತ್ತಿ" ಎಂದಳು. ಅನ್ನಲಿ. ಅವಳ ಮಗಳ ಅಂಕ ಹೋಗಿತ್ತು. ಇನ್ನೂ ಅನ್ನಬಹುದಿತ್ತು.

"ಆಗಿರಲಿಲ್ಲ" ಎಂದೆ. "ನಾ ಕುರುಡಿ ಆಗಿದ್ದೆ. ಈಗ ಬಾ, ನೀರ ಆರತಾವು. ಆಕೀಗೆ ಹೇಳು, ಆ ದೂರದ ಊರಿಗೆ ಅರ್ಜಿ ಇವತ್ತs ಹೋಗಬೇಕು."

ಬಾಗಿಲ ಹಿಂದೆ ಹುಡುಗಿ ನಿಂತೇ ಇದ್ದಳು. "ಮತ್ತ ಬುತ್ತಿ?" ಎಂದಳು, ಚಾಷ್ಟಿ ಮಾಡಿ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

"ಬುತ್ತಿ ಬೆಂಕ್ಯಾಗ ಹಾಕು. ಓಡು."

ಸೀಟು ಸಿಕ್ಕಿತು. ಹೋಗುವ ದಿನ ಸೊಸೆ ಕಟಕ ರೊಟ್ಟಿ ಬಡಿದು, ಒಂದರ ಮೇಲೊಂದು ಅಡಕಿಯಾಗಿ ಜೋಡಿಸಿ, ಅರಿವೆಯಲ್ಲಿ ಕಟ್ಟಿಕೊಟ್ಟಳು. ಒಣಗಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಎಂಥ ದೂರಕ್ಕೂ ಹೋಗುತ್ತದೆ. ಹುಟ್ಟಿದಾಗಿನಿಂದ ಅದನ್ನೇ ತಿಂದವಳು ನಾನು. ಮಗನನ್ನೂ ಮೊಮ್ಮಗಳನ್ನೂ ಬಸ್ಸಿನ ಹಾದಿಗೆ ಕಟ್ಟಿಹಾಕುವಾಗ ಅದು ನನಗೆ ನೆನಪಾಗಿರಲಿಲ್ಲ.

ಈಗ ಅವಳು ಸವದತ್ತಿಯಲ್ಲಿ ದವಾಖಾನೆ ಇಟ್ಟಿದ್ದಾಳೆ. ನನ್ನ ಮಿಶ್ರಿ ಬಿಡಿಸಿದ್ದಾಳೆ. ಜನ ಬಂದು, ಮೊಮ್ಮಗಳು ಡಾಕ್ಟರ್ ಆದಳು, ನಿಮ್ಮ ಪುಣ್ಯ ಎನ್ನುತ್ತಾರೆ. ನನ್ನ ಪುಣ್ಯ ಏನೂ ಇಲ್ಲ ಎಂದು ಎದುರಿಗೇ ಹೇಳುತ್ತೇನೆ, ಅವರು ನಗುತ್ತಾರೆ. ಅಂದು ನಾನು ಅವಳ ಓದು ಕೆಡಿಸದಿದ್ದರೆ ಅವಳು ಬೇರೆ ಏನಾಗುತ್ತಿದ್ದಳು ಎಂದು ಒಮ್ಮೆ ಅವಳನ್ನೇ ಕೇಳಿದೆ. "ಬಾಯಿ ತೆರಿ ಆಯಿ, ಮಾತಾಡಬ್ಯಾಡ" ಎಂದು ಬಾಯಿಗೆ ಕನ್ನಡಿ ಇಟ್ಟಳು. ಅದು ಉತ್ತರವಲ್ಲ. ಮತ್ತೆ ಕೇಳಲು ನನಗೆ ಧೈರ್ಯ ಇಲ್ಲ.

ಅವಳು ಆ ದೂರದ ಊರು ಮುಟ್ಟಿ ಮೊದಲ ಸಲ ಫೋನ್ ಮಾಡಿದಾಗ ಕಾಲೇಜಿನ ಸುದ್ದಿ ಹೇಳಲಿಲ್ಲ, ಊಟದ ಸುದ್ದಿ ಹೇಳಲಿಲ್ಲ. "ಆಯಿ, ಜಳಕಾ ಆತೇನು?" ಎಂದಳು.

ಆಗಿತ್ತು. ಸೊಸೆ ಅಂದು ನೀರು ಬಹಳ ಬಿಸಿ ಹಾಕಿದ್ದಳು, ಬೆನ್ನು ಚುರುಗುಟ್ಟುತ್ತಿತ್ತು. ನಾನು ಅವಳಿಗೂ ಹೇಳಿರಲಿಲ್ಲ, ಇವಳಿಗೂ ಹೇಳಲಿಲ್ಲ.

"ಆತು. ಛೊಲೋ ಆತು" ಎಂದೆ.