ಕೆಂಪು ಶಾಯಿಯಲ್ಲಿ ನನ್ನ ಹೆಸರು

ಮೊನ್ನೆ ಇಲ್ಲೇ ದೆಹಲಿಯ ಸರೋಜಿನಿ ನಗರದ ಲ್ಯಾಬಿಗೆ ರಕ್ತಪರೀಕ್ಷೆಯ ವರದಿ ತರಲು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಲಕೋಟೆಯ ಮೇಲೆ ನನ್ನ ಹೆಸರನ್ನು ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದುಕೊಟ್ಟಳು. ಲಕೋಟೆ ಒಡೆಯುವುದನ್ನು ಬಿಟ್ಟು ಹೆಸರನ್ನೇ ನೋಡುತ್ತ ನಿಂತೆ. ಒಳಗಿನ ಸಕ್ಕರೆಯ ಅಂಕಿಗಿಂತ ಹೊರಗಿನ ಹೆಸರಿಗೆ ಹೆದರುವುದೇಕೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಲೋಧಿ ಕಾಲೋನಿಯಲ್ಲಿ ಚಿಕ್ಕಪ್ಪನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಪಿಎಚ್.ಡಿ. ಇನ್ನೇನು ಮುಗಿಯಿತೆಂದು ನಾಲ್ಕು ವರ್ಷದಿಂದ ಹೇಳುತ್ತಿದ್ದೆ. "ಕೆಲಸ ಅಂತ ಒಂದು ಹಿಡಿ, ಇಲ್ಲಾಂದ್ರೆ ಊರಿಗೆ ಬಾ" ಎಂದು ಅಪ್ಪ ಗಡುವು ಕೊಟ್ಟರು. ಆಗ ಸಿಕ್ಕಿದ್ದು ಗುಡಗಾಂವಿನ ಫ್ಲ್ಯಾಟೊಂದರಲ್ಲಿ ನಾಲ್ಕು ಕೊರಿಯನ್ ಮಕ್ಕಳಿಗೆ ಇಂಗ್ಲಿಷ್ ಪಾಠ. ಹದಿನೈದು ದಿನ ನೋಡಿ ಆಮೇಲೆ ಖಾಯಂ ಎಂಬ ಕರಾರು. "ನಮ್ಮ ಹತ್ರಾನೇ ಸರಿಯಾಗಿ ಬಾಯಿ ಬಿಡಲ್ಲ, ಅವಕ್ಕೇನು ಕಲಿಸ್ತೀಯೋ!" ಎಂದು ಚಿಕ್ಕಮ್ಮ ಹರಸಿದರು.

ಮಕ್ಕಳು ಬಂದೊಡನೆ ಸೊಂಟ ಬಗ್ಗಿಸಿ ವಂದಿಸುತ್ತಿದ್ದವು. ನಾನೂ ಬಗ್ಗುತ್ತಿದ್ದೆ. ಮೇಷ್ಟ್ರೇ ಇಷ್ಟು ಬಗ್ಗಿದರಲ್ಲ ಎಂದು ಅವು ಇನ್ನಷ್ಟು ಬಗ್ಗುತ್ತಿದ್ದವು. ಪಾಠದ ಮೊದಲ ಐದು ನಿಮಿಷ ಹೀಗೆ ವ್ಯಾಯಾಮದಲ್ಲೇ ಕಳೆಯುತ್ತಿತ್ತು.

ಒಂದು ದಿನ ನಾಲ್ವರೂ ಉಕ್ತಲೇಖನವನ್ನು ತಪ್ಪಿಲ್ಲದೆ ಬರೆದರು. ನನಗೆ ಖುಷಿಯೋ ಖುಷಿ. ನಮ್ಮ ಶಾಲೆಯಲ್ಲಿ ತರಗತಿಗೆ ಮೊದಲು ಬಂದವರ ಹೆಸರನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಆ ಭಾಗ್ಯ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಈ ಮಕ್ಕಳಿಗಾದರೂ ಸಿಗಲಿ ಎಂದು ನಾಲ್ಕು ನೋಟ್‌ಬುಕ್ಕಿನ ಮೇಲೂ ಅವರವರ ಹೆಸರನ್ನು ಕೆಂಪಗೆ, ಸುತ್ತ ಹೂಬಳ್ಳಿ ಸಮೇತ ಬರೆದೆ.

ಮರುದಿನ ಹೋದರೆ ಯಾರೂ ಪುಸ್ತಕ ಮುಟ್ಟುತ್ತಿಲ್ಲ. ಒಂಬತ್ತು ವರ್ಷದ ಮಿನ್‌ಜಿ ಮೂಗೊರೆಸಿಕೊಳ್ಳುತ್ತ, "ಸರ್, ನಾನೇನು ತಪ್ಪು ಮಾಡಿದೆ?" ಎಂದು ತುಂಡು ಇಂಗ್ಲಿಷಿನಲ್ಲಿ ಕೇಳಿದಳು. ನನ್ನನ್ನು ಪಾಠಕ್ಕೆ ಗೊತ್ತುಮಾಡಿದ್ದ ಅವಳ ತಾಯಿ ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೆಲ್ಲಗೆ ಹೇಳಿದರು: "ಸರ್, ನಮ್ಮಲ್ಲಿ ಕೆಂಪಲ್ಲಿ ಬರೆಯೋದು ಸತ್ತವರ ಹೆಸರು."

ಹೂಬಳ್ಳಿ ಬೇರೆ ಬಿಡಿಸಿದ್ದೆನಲ್ಲ! ತಪ್ಪಿಲ್ಲದೆ ಬರೆದ ತಪ್ಪಿಗೆ ನಾಲ್ಕು ಮಕ್ಕಳನ್ನು ಒಟ್ಟಿಗೇ ಮೇಲಕ್ಕೆ ಕಳಿಸಿದ್ದೆ. ಗಡುವು, ಊರಿನ ರೈಲು, ಅಪ್ಪನ ಮುಖ ಎಲ್ಲ ಕಣ್ಣಮುಂದೆ ಬಂದವು. ನಿಜವಾಗಿ ನಾಚಿಕೆಯಾಯಿತು. ಏನೂ ತೋಚದೆ ಕೆಂಪು ಪೆನ್ನನ್ನು ಮಕ್ಕಳ ಕೈಗೇ ಕೊಟ್ಟು, "ನನ್ನ ಹೆಸರೂ ಬರೀರಿ" ಎಂದೆ. ಮೊದಲು ಹೆದರಿದರು. ಆಮೇಲೆ ಹಾಳೆಯ ತುಂಬ, ಎರಡೂ ಬದಿ, ಸರದಿಯ ಮೇಲೆ ನನ್ನನ್ನು ಸಾಯಿಸಿದರು. ಒಬ್ಬ ಹೂಬಳ್ಳಿಯನ್ನೂ ಬಿಡಿಸಿದ. ಬಾಗಿಲಲ್ಲಿ ನಿಂತಿದ್ದ ತಾಯಿ ಕೂಡ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು.

ಪಾಠ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಮಿನ್‌ಜಿ ಓಡಿ ಬಂದಳು. ಆ ಹಾಳೆಯಲ್ಲಿದ್ದ ನನ್ನ ಹೆಸರುಗಳನ್ನೆಲ್ಲ, ಒಂದನ್ನೂ ಬಿಡದೆ, ನೀಲಿ ಪೆನ್ನಿನಿಂದ ತಿದ್ದಿದ್ದಳು.

"ಸರ್ ಸತ್ತುಹೋಗಬಾರದು. ನಾಳೆ ಪಾಠ ಇದೆ."

ಅವಳ ಹಿಂದೆ ನಿಂತಿದ್ದ ತಾಯಿ ತಲೆಯಾಡಿಸಿದರು. ನಾನು ಖಾಯಂ ಆದದ್ದು ಹಾಗೆ. ಇಂದಿಗೂ ಪಾಠ ಹೇಳಿಕೊಂಡೇ ಇದ್ದೇನೆ.

ಅದಕ್ಕೇ ಮೊನ್ನೆ ಲ್ಯಾಬಿನ ಹುಡುಗಿಯಿಂದ ನೀಲಿ ಪೆನ್ನು ಇಸಿದುಕೊಂಡು, ಲಕೋಟೆಯ ಮೇಲಿನ ಅಕ್ಷರ ಒಂದೊಂದನ್ನೂ ತಿದ್ದತೊಡಗಿದೆ.

"ಅಂಕಲ್‌ಜೀ, ನಾಮ್ ಗಲತ್ ಹೈ ಕ್ಯಾ?" ಎಂದಳು, ಹೆಸರು ತಪ್ಪಾಯಿತೇನೋ ಎಂದುಕೊಂಡು.

"ಇಲ್ಲ ಬೇಟಾ," ಎಂದು ಕನ್ನಡದಲ್ಲೇ ಹೇಳಿಬಿಟ್ಟೆ, "ನಾಳೆ ಪಾಠ ಇದೆ."