ವೀರಗಲ್ಲಿನ ಬುಡದಲ್ಲಿ ತಿಂದ ಏಟು

ನನ್ನ ಮೈಮೇಲೆ ಮೊದಲ ಸಲ ದೊಣ್ಣೆ ಬಿದ್ದದ್ದು ರಿಟೈರ್ ಆದ ಮೇಲೆ, ಅದೂ ಬಿಟ್ಟಿ ಕೆಲಸಕ್ಕೆ ಹೋಗಿ.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಟೀವಿ ಮುಂದೆ ಕೂರುವ ಜಾಯಮಾನ ನನ್ನದಲ್ಲ. ಚಿಕ್ಕಬಳ್ಳಾಪುರದ ಪುಟ್ಟ ಮ್ಯೂಸಿಯಂ ಒಂದಕ್ಕೆ ಸ್ವಯಂಸೇವಕರು ಬೇಕಂತೆ ಅಂದರು, ಸೇರಿಕೊಂಡೆ. ಭಾನುವಾರ ಬಂದರೆ ಹಳ್ಳಿಗಳಿಗೆ ಹೋಗಿ, ಬಿದ್ದಿರುವ ವೀರಗಲ್ಲುಗಳನ್ನು ಎತ್ತಿ ನಿಲ್ಲಿಸಿ ತೊಳೆಯುವುದು ನಮ್ಮ ಕೆಲಸ. ಆಮೇಲೆ ಮೈದಾ ಹಿಟ್ಟು ಉಜ್ಜುತ್ತೇವೆ. ಹಿಟ್ಟು ಗೀರುಗಳಲ್ಲಿ ಕೂತರೆ ಸವೆದ ಅಕ್ಷರವೂ ಓದಲು ಬರುತ್ತದೆ. ನಮ್ಮ ಮುಂದಾಳು ರಿಟೈರ್ಡ್ ಹಿಸ್ಟರಿ ಮೇಷ್ಟ್ರು. ಸತ್ತವನ ಹೆಸರು ಓದದೆ ಊಟ ಮಾಡದ ಮನುಷ್ಯ.

ಅವತ್ತು ಹೋದದ್ದು ಶಿಡ್ಲಘಟ್ಟ ದಾಟಿ ಚಿಂತಾಮಣಿ ಕಡೆಯ ಒಂದು ಊರಿಗೆ. ಊರ ಕುಂಟೆಯ, ಅಂದರೆ ಸಣ್ಣ ಕೆರೆಯ, ದಡದಲ್ಲಿ ಕಲ್ಲು ಬೋರಲು ಬಿದ್ದಿತ್ತು. ಅದರ ಬೆನ್ನಿನ ಮೇಲೆ ಜನ ಬಟ್ಟೆ ಒಗೆಯುತ್ತಿದ್ದರು. ಜೊತೆಗೆ ಬಂದಿದ್ದ ಇಬ್ಬರು ಗಟ್ಟಿಗರು ಹಾರೆ ಹಾಕಿ, ಹಗ್ಗ ಎಳೆದು ನಿಲ್ಲಿಸಿದರು. ಕತ್ತಿ ಎತ್ತಿದ ಗಂಡಸು, ಕಾಲ ಬಳಿ ದನಗಳ ಸಾಲು. ಊರಿನ ದನ ಬಿಡಿಸಲು ಹೋಗಿ ಸತ್ತವನು. ಅಡಿಯಲ್ಲಿ ಅಕ್ಷರ. ಮೇಷ್ಟ್ರು ಆತುರದಲ್ಲಿ ಉಜ್ಜಲು ಹೋಗಿ ಮೈದಾ ಅರ್ಧ ನೆಲಕ್ಕೇ ಚೆಲ್ಲಿತು. ಪಾನಕಕ್ಕೆಂದು ತಂದ ನಿಂಬೆಹಣ್ಣನ್ನು ನಾನು ಅಲ್ಲೇ ಕೂತು ಕೊಯ್ಯುತ್ತಿದ್ದೆ.

ಅವತ್ತು ಅಮಾವಾಸ್ಯೆ. ನಮ್ಮಲ್ಲಿ ಒಬ್ಬರಾದರೂ ಕ್ಯಾಲೆಂಡರ್ ನೋಡಿದ್ದರೆ! ಅಮಾವಾಸ್ಯೆ ದಿನ ಹಳೇ ಕಲ್ಲಿನ ಬುಡಕ್ಕೆ ಬಿಳಿ ಹಿಟ್ಟು ಚೆಲ್ಲಿ, ನಿಂಬೆಹಣ್ಣು ಕೊಯ್ದು, ಹಾರೆ ಹಾಕುವವರು ಯಾರೆಂದು ಈ ಕಡೆ ಮಕ್ಕಳಿಗೂ ಗೊತ್ತು. ನಿಧಿಗಳ್ಳರು.

"ಎವರ್ರಾ ಮೀರು?" ಯಾರ್ರೋ ನೀವು ಅಂತ ತೆಲುಗಿನಲ್ಲಿ ಕೂಗಿಕೊಂಡು ಊರಿಗೆ ಊರೇ ಬಂತು. "ಮ್ಯೂಸಿಯಂನವರಪ್ಪ ನಾವು" ಅಂತ ಮೇಷ್ಟ್ರು ಬಲಗೈ ಎತ್ತಿದರು. ದೊಣ್ಣೆ ಅದೇ ಕೈಗೆ ಬಿತ್ತು. ಮೂಳೆ ಮುರಿದದ್ದು ನನ್ನ ಕಿವಿಗೇ ಕೇಳಿಸಿತು. ಗಟ್ಟಿಗರಿಬ್ಬರನ್ನೂ ನಮ್ಮ ಹಗ್ಗದಲ್ಲೇ ಹುಣಸೆಮರಕ್ಕೆ ಕಟ್ಟಿ ಬಾಯಲ್ಲಿ ರಕ್ತ ಬರುವ ಹಾಗೆ ಚಚ್ಚಿದರು. ನನ್ನ ಬೆನ್ನಿಗೂ ದೊಣ್ಣೆ ಬಿತ್ತು. ಕಂಕುಳಲ್ಲಿ ಕೂಸಿದ್ದ ಒಬ್ಬಳು ನನ್ನ ಜುಟ್ಟು ಹಿಡಿದು ಎಳೆದಾಡಿದಳು. "ಯಾರ ಮಗೂನ ಬಲಿ ಕೊಡಕ್ಕೆ ಬಂದ್ಯೇ, ಮುಂಡೇ?"

ಅವಳ ಕೈ ಕಚ್ಚಿದೆ. ಚರ್ಮ ಹರಿಯುವವರೆಗೂ ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಅವಳು ಬಾಯಿಗೆ ಗುದ್ದಿದಳು, ಮುಂದಿನ ಹಲ್ಲು ಹೋಯಿತು.

ಪೊಲೀಸ್ ಜೀಪು ಬಂತು. ಇವರು ದುಡ್ಡಿಲ್ಲದೆ ಕಲ್ಲು ತೊಳೆಯುವವರು ಅಂತ ಊರಿಗೆ ಹೇಳಿ ಪೊಲೀಸರು ನಮ್ಮನ್ನು ಬಿಡಿಸಿಕೊಂಡರು. ಜೀಪು ಹತ್ತುವಾಗ ಹಿಂದೆ ಒಬ್ಬ ಹೇಳುತ್ತಿದ್ದ, "ದುಡ್ಡಿಲ್ದೆ ಯಾರಾದ್ರೂ ಬಿಸಿಲಲ್ಲಿ ಬಂದು ಕಲ್ಲು ತೊಳೀತಾರೇನೋ? ಕೆಳಗೆ ಏನೋ ಇದೆ ಕಣೋ."

ವಾರ ಕಳೆದಿತ್ತು, ಮೇಷ್ಟ್ರ ಕೈಗಿನ್ನೂ ಪ್ಲಾಸ್ಟರ್ ಇತ್ತು. ಆದರೂ ಹಟ ಹಿಡಿದು ನನ್ನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದರು. ಕಲ್ಲಿದ್ದ ಜಾಗದಲ್ಲಿ ಆಳೆತ್ತರದ ಗುಂಡಿ. ನಮ್ಮ ಹಾರೆ ಅದರಲ್ಲೇ ಬಿದ್ದಿತ್ತು. ಊರವರು ಅದೇ ಹಾರೆಯಿಂದ ಕಲ್ಲನ್ನು ಒಡೆದಿದ್ದರು. ಕತ್ತಿ ಒಂದು ಕಡೆ, ದನಗಳು ಒಂದು ಕಡೆ. ಮೇಷ್ಟ್ರು ನೆಲಕ್ಕೆ ಕೂತು ಎಡಗೈಯಲ್ಲಿ ಚೂರುಗಳಿಗೆ ಮೈದಾ ಉಜ್ಜಿದರು. 'ದನ ಬಿಡಿಸಿ' ಅಂತ ಓದಿದರು. 'ಸತ್ತ' ಅಂತ ಓದಿದರು. ಹೆಸರಿದ್ದ ಜಾಗ ಜಲ್ಲಿಯಾಗಿತ್ತು.

ಮಗು ಎತ್ತಿಕೊಂಡು ಅವಳು ಬಂದಳು. ನಾನು ಕಚ್ಚಿದ ಕೈಗೆ ಬಟ್ಟೆ ಸುತ್ತಿತ್ತು. ಗುಂಡಿ ನೋಡಿ, ನಾವೇ ಮೋಸ ಮಾಡಿದೆವೇನೋ ಅನ್ನುವ ಹಾಗೆ ಮುಖ ಮಾಡಿಕೊಂಡು ಹೇಳಿದಳು, "ಏನೂ ಸಿಗ್ಲಿಲ್ಲ ಕಣಕ್ಕ."

ಎದ್ದು ಹೋಗಿ ಅವಳ ಕಪಾಳಕ್ಕೆ ಬಿಗಿದೆ. ಅವಳು ತಿರುಗಿ ಹೊಡೆಯಲಿಲ್ಲ, ಮಗು ಮಾತ್ರ ಕಿರುಚಿತು. ಮೇಷ್ಟ್ರು ತಲೆ ಎತ್ತದೆ ಜಲ್ಲಿಯಲ್ಲಿ ಕೈಯಾಡಿಸುತ್ತಲೇ ಇದ್ದರು.